ಕಾತ್ರಜ ಬಸ್ಸಿನ ಸರಾಸರಿ

ಹೋದ ತಿಂಗಳು ನಮ್ಮ ಕಾಲೇಜಿನ ವಿದ್ಯಾರ್ಥಿಗಳನ್ನು ರಾಂಜಣಗಾಂವದ ಒಂದು ಕಾರ್ಖಾನೆಗೆ ಕರೆದೊಯ್ಯುವ ಸರದಿ ನನ್ನದಾಗಿತ್ತು. ಗೊತ್ತುಮಾಡಿದ್ದ ಗಾಡಿ ಬೆಳಿಗ್ಗೆ ಕೈಕೊಟ್ಟಿತು. ಬದಲಿಗೆ ಬಂದದ್ದು ಯಾವುದೋ ಕಂಪನಿಯ ಕೆಲಸಗಾರರನ್ನು ಸಾಗಿಸುವ ಹಳೆಯ ಬಸ್ಸು. ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟ ಕೂಡಲೇ ಆ ವಾಸನೆ ಬಂತು. ಯಂತ್ರ ಕಾಯದಂತೆ ಸುರಿಯುವ ಕೂಲಂಟಿನ ಎಣ್ಣೆವಾಸನೆ, ಅದರ ಜೊತೆಗೆ ಒದ್ದೆ ರೆಕ್ಸಿನ್, ಒಣಗದ ಬೂಟು, ಊಟದ ಡಬ್ಬಿಗಳ ಬೆಳ್ಳುಳ್ಳಿ ಚಟ್ನಿಯ ಘಾಟು. ಕೆಲಸಗಾರರು ಇಳಿದುಹೋಗಿ ಎಷ್ಟು ಹೊತ್ತಾದರೂ ಬಸ್ಸಿನಲ್ಲಿ ಉಳಿಯುವ ವಾಸನೆ ಅದು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಹಿಂದಿದ್ದ ಹುಡುಗಿಯೊಬ್ಬಳು, "ಮ್ಯಾಡಮ್, ಪುಢೇ ಚಲಾ ನಾ" ಎಂದಳು. ಮುಂದೆ ಹೋಗಿ ಕುಳಿತೆ.

ಆ ವಾಸನೆಯಲ್ಲಿ ನಾನು ಒಂದು ಇಡೀ ಮಳೆಗಾಲ ಕಳೆದಿದ್ದೇನೆ.

ಆಗ ನಾನು ಪುಣೆಯಲ್ಲಿ ಗಣಿತದ ಪಿಎಚ್.ಡಿ. ಮಾಡುತ್ತಿದ್ದೆ. ಧಾರವಾಡದಿಂದ ಬಂದು, ಕಾತ್ರಜದಲ್ಲಿದ್ದ ಸೋದರಮಾವ ಗುರುನಾಥ ಮಾಮಾನ ಮನೆಯಲ್ಲಿ ಉಳಿದಿದ್ದೆ. ಒಂದು ಗುಂಪಿನಲ್ಲಿ ಅಭಿಪ್ರಾಯ ಹೇಗೆ ಹರಡುತ್ತದೆ, ಬೇರೆಬೇರೆ ಇದ್ದ ಮಾತುಗಳು ಹೇಗೆ ಬರಬರುತ್ತ ಒಂದೇ ಆಗುತ್ತವೆ ಎಂಬುದನ್ನು ಸಮೀಕರಣಗಳಲ್ಲಿ ಬರೆಯುವುದು ನನ್ನ ವಿಷಯ. ಮೊದಲ ವಾರವೇ ಮಾಮಿ ಅಡಿಗೆಮನೆಯಿಂದ ಕೇಳಿದ್ದರು.

"ಅದರಾಗ ಕಲೀಲಿಕ್ಕೆ ಏನದನ ವೀಣಾ?"

"ಸಾರಿಗೆ ಉಪ್ಪು ಕಡಿಮಿ ಆಗ್ಯದ ಅಂತ ನಾ ಅಂದೆ ಅನ್ರಿ. ಮಾಮಾ ಸರಿ ಅದ ಅಂದ್ರು. ನೀವು ಇಬ್ಬರದೂ ಕೇಳಿ ನಡುವ ಎಲ್ಲೋ ಬಂದು ನಿಂದರ್ತೀರಿ. ನಾಳೆ ನಿಮ್ಮ ಮಾತು ಕೇಳಿ ನಾವೂ ಸ್ವಲ್ಪ ಸರೀತೀವಿ. ಹಿಂಗ ದಿನಾ ಆದ್ರ, ಕಡೀಕ ಮೂರೂ ಮಂದಿ ಒಂದ ಮಾತಿಗೆ ಬರ್ತೀವಿ."

"ನಿಮ್ಮ ಮಾಮಾ ಎಂದಾದ್ರೂ ತಮ್ಮ ಮಾತು ಬದಲ್ ಮಾಡ್ಯಾರ?"

"ಅಂಥವರಿಗೂ ನಮ್ಮ ಗಣಿತದಾಗ ಹೆಸರದರಿ. ಹಟಮಾರಿ ಅಂತೀವಿ."

ಮಾಮಾ ಪೇಪರಿನ ಹಿಂದೆ ನಕ್ಕರು. ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ಅವರು ತಪಾಸಣೆಯ ಕೆಲಸದಲ್ಲಿದ್ದರು. ಪ್ರೆಸ್ ಯಂತ್ರಗಳಲ್ಲಿ ಒತ್ತಿ ತೆಗೆದ ಲೋಹದ ಭಾಗಗಳು ಸರಿಯಾಗಿವೆಯೇ ಎಂದು ಅಳೆದು ನೋಡುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಒಂದೇ ಜಾಗ. ತಪ್ಪು ಅಳತೆಯ ಮೇಲೆ ಮಾಮಾ ಸಹಿ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ.

ನನ್ನ ಮಾರ್ಗದರ್ಶಕರಿಗೆ ಕಾಗದದ ಮೇಲಿನ ಸಮೀಕರಣ ಸಾಲದು ಅನ್ನಿಸಿತ್ತು. ನಿಜವಾದ ಒಂದು ಗುಂಪು ಹುಡುಕು, ದಿನವೂ ಒಟ್ಟಿಗೆ ಕೂಡುವವರಾಗಿರಬೇಕು, ಹೊರಗಿನವರು ನಡುವೆ ಬರಬಾರದು ಎಂದರು. ಅಂಥ ಗುಂಪು ಎಲ್ಲಿ ಸಿಗುತ್ತದೆ ಎಂದು ನಾನು ಊಟದ ಹೊತ್ತಿಗೆ ಗೊಣಗುತ್ತಿದ್ದಾಗ ಮಾಮಾ ಹೇಳಿದರು:

"ನಮ್ಮ ಬಸ್ಸಿಗೆ ಬಾ. ಮೂವತ್ತು ಮಂದಿ. ಹೋಗಲಿಕ್ಕೆ ಎರಡು ತಾಸು, ಬರಲಿಕ್ಕೆ ಎರಡು ತಾಸು. ಇಳೀಲಿಕ್ಕೂ ಬರೂದಿಲ್ಲ, ಓಡಲಿಕ್ಕೂ ಬರೂದಿಲ್ಲ."

ಮಾಮಾ ಜಾಮೀನು ನಿಂತದ್ದರಿಂದ ಕಂಪನಿಯ ಆಫೀಸಿನವರು ಒಪ್ಪಿದರು. ಒಂದೇ ಷರತ್ತು, ಕೆಲಸದ ಬಗ್ಗೆ, ಯಂತ್ರಗಳ ಬಗ್ಗೆ ಏನೂ ಕೇಳಕೂಡದು. ಹಾಗಾಗಿ ನನ್ನ ಪ್ರಶ್ನೆ ಸಾಧಾರಣವಾದದ್ದಿತ್ತು. ವಾರದ ರಜೆ ಈಗಿರುವಂತೆ ಗುರುವಾರವೇ ಇರಲೇ, ರವಿವಾರಕ್ಕೆ ಬರಲೇ? ಪೂರಾ ಗುರುವಾರ ಅನ್ನುವವರು ಸೊನ್ನೆ ಬರೆಯಬೇಕು, ಪೂರಾ ರವಿವಾರ ಅನ್ನುವವರು ಹತ್ತು. ನಡುವೆ ಇರುವವರು ನಡುವಿನ ಅಂಕೆ. ಕೆಳಗೆ ಏನಾದರೂ ಹೇಳುವುದಿದ್ದರೆ ಒಂದು ಗೆರೆಯ ಜಾಗ. ಹೆಸರಿಲ್ಲ; ಪ್ರತಿಯೊಬ್ಬರೂ ತಮಗೆ ಬೇಕಾದ ಒಂದು ಗುರುತು ಬಿಡಿಸಬೇಕು. ಯಾರ ಗುರುತು ಯಾವುದು ಎಂಬುದು ನನ್ನ ನೋಟ್‌ಬುಕ್ಕಿನಲ್ಲಿ ಮಾತ್ರ. ಯಾರ ಮಾತನ್ನೂ ಇನ್ನೊಬ್ಬರಿಗೆ ತೋರಿಸುವುದಿಲ್ಲ ಎಂದು ಮೊದಲ ದಿನವೇ ಬಸ್ಸಿನಲ್ಲಿ ನಿಂತು ಮಾತು ಕೊಟ್ಟೆ. ಮಾಮಾ ಕೊಡೆಯ ಗುರುತು ಆರಿಸಿಕೊಂಡರು.

ಪ್ರತಿ ಮಂಗಳವಾರ ನಸುಕಿನಲ್ಲಿ ಮಾಮಾನ ಜೊತೆ ಕಾತ್ರಜದಲ್ಲಿ ಬಸ್ಸು ಹತ್ತುತ್ತಿದ್ದೆ. ಹಡಪಸರದವರೆಗೆ ಎಲ್ಲರೂ ನಿದ್ದೆ. ವಾಘೋಲಿಯಲ್ಲಿ ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡಾಗ ನಾನೆದ್ದು ಹಿಂದಿನ ವಾರದ ಸರಾಸರಿ ಓದಿ ಹೇಳಿ, ಹೊಸ ಚೀಟಿ ಹಂಚುತ್ತಿದ್ದೆ. ಗುಂಪಿನ ಸರಾಸರಿ ಗೊತ್ತಾದರೆ ಒಬ್ಬೊಬ್ಬರೂ ಅದರ ಕಡೆಗೆ ಎಷ್ಟು ಸರಿಯುತ್ತಾರೆ ಎಂದು ನೋಡುವುದು ನನ್ನ ಪ್ರಯೋಗದ ಒಂದು ಭಾಗವೇ ಆಗಿತ್ತು. ಶಿಕ್ರಾಪುರದಲ್ಲಿ ಚಹಾ. ಅಲ್ಲಿ ಚೀಟಿಗಳು ನನ್ನ ಕೈಗೆ ವಾಪಸು.

ಮೂರನೆಯ ಸಾಲಿನ ಕಿಟಕಿ ಪಕ್ಕದಲ್ಲಿ ಬಸವರಾಜ ಕೂಡುತ್ತಿದ್ದ. ಅಥಣಿ ಕಡೆಯವನು, ಪ್ರೆಸ್ ನಡೆಸುವವನು, ಮೂವತ್ತೈದರ ಒಳಗಿನ ವಯಸ್ಸು. ಅವನ ಪಕ್ಕದ ಸೀಟು ಮಂದಾಬಾಯಿಯದು. ಆಕೆ ಅಕ್ಕಲಕೋಟೆಯವಳು, ಪ್ಯಾಕಿಂಗ್ ವಿಭಾಗದ ಹಳಬಳು, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವಳು. ಬಸವರಾಜ ವಾರವಾರವೂ ಸೊನ್ನೆಯನ್ನೇ ಬರೆದ. ಗುರುವಾರವೇ ಯಾಕೆ ಎಂದು ಒಮ್ಮೆ ಕೇಳಿದೆ.

"ರವಿವಾರ ಸಾಲಿಗೆ ಸೂಟಿ ಇರ್ತೈತ್ರಿ" ಎಂದ. "ಗುರುವಾರ ಆದ್ರ ನನ್ನ ಮಗಳನ್ನ ನಾನ ಸಾಲಿಗೆ ಬಿಡಾಕ ಹೋಗ್ತೀನಿ, ನಾನ ಕರ್ಕೊಂಡ ಬರ್ತೀನಿ. ವಾರದಾಗ ಒಂದ ದಿನ ಅಕಿ ಕೈ ಹಿಡ್ಕೊಂಡ ನಡ್ಯಾಕ ಸಿಗತೈತಿ. ಅದನ್ನ ಬಿಟ್ಟಕೊಡೂದಿಲ್ಲ ನಾ."

ಆದರೆ ಹತ್ತನ್ನೇ ಬಿಡದೆ ಹಿಡಿದವರೂ ನಾಲ್ಕು ಮಂದಿ ಇದ್ದರು; ಉಳಿದವರು ಅವರ ಕಡೆಗೆ ಸರಿಯುತ್ತ ಹೋದರು. ಜೂನ್ ಕೊನೆಗೆ ಸರಾಸರಿ ಏಳರ ಹತ್ತಿರ ನಿಂತಿತು. ನನ್ನ ಸಮೀಕರಣ ಹೇಳಿದಂತೆಯೇ, ಹೆಚ್ಚುಕಡಿಮೆ ಅದೇ ವೇಗದಲ್ಲಿ. ಸಂಸ್ಥೆಯಲ್ಲಿ ನನ್ನನ್ನು ಎಲ್ಲರೂ ಹೊಗಳಿದರು.

ಜುಲೈ ಮೊದಲ ವಾರ ಮಳೆ ಹಿಡಿಯಿತು. ಒಂದು ಶುಕ್ರವಾರ ಸಂಜೆ ಮಾಮಾ ಮನೆಗೆ ಬಂದವರು ಒಳಗೆ ಬರಲಿಲ್ಲ. ಚಪ್ಪಲಿ ಬಿಡುವ ಜಾಗದಲ್ಲೇ, ಒದ್ದೆ ಬಟ್ಟೆಯಲ್ಲಿ, ಕುಳಿತರು.

"ಬಸವರಾಜ ಹೋದ" ಎಂದರು.

ಊರಿಗೆ ಹೋದ ಎಂದುಕೊಂಡು, "ಎಲ್ಲಿಗೆ?" ಎಂದೆ. ಮಾಮಾ ನನ್ನ ಮುಖ ನೋಡಿದರು.

ಪ್ರೆಸ್ಸಿನಲ್ಲಿ ಒಂದು ಭಾಗ ಸಿಕ್ಕಿಕೊಂಡಿತ್ತು. ಬಸವರಾಜ ಅದನ್ನು ತೆಗೆಯಲು ಒಳಗೆ ಬಾಗಿದ. ಯಂತ್ರ ಇಳಿಯಿತು. ಆ ಪ್ರೆಸ್ಸಿಗೆ ಒಂದು ಸೆನ್ಸರ್ ಇರುತ್ತದೆ. ಕೈಯೋ ತಲೆಯೋ ಒಳಗೆ ಹೋದರೆ ಯಂತ್ರ ತಾನಾಗಿಯೇ ನಿಲ್ಲಬೇಕು.

"ನಿಲ್ಲಲಿಲ್ಲ ಯಾಕೆ ಮಾಮಾ?"

"ಸೆನ್ಸರ್ ಬಂದ್ ಇತ್ತು. ಬುಧವಾರ ಸಂಜಿಯಿಂದನ ಬಂದ್ ಇತ್ತು. ಮಳೀ ಥಂಡಿಗೆ ಸುಳ್‌ಸುಳ್ಳ ಮಷೀನ್ ನಿಲ್ಲಸ್ತದ, ಮಾಲು ಕಡಿಮಿ ಆಗ್ತದ ಅಂತ ಕೀ ತಿರುವಿ ಬಂದ್ ಮಾಡಿಟ್ಟಿದ್ರು. ಬೆಳಿಗ್ಗೆ ನಾನ ನೋಡಿದ್ದೆ, ಅದರ ದೀಪ ಆರಿತ್ತು." ಬೂಟಿನ ದಾರ ಬಿಚ್ಚುತ್ತ, "ನೋಡಿ ಮುಂದ ಹೋದೆ" ಎಂದರು.

ಮಾಮಿ ಟವೆಲ್ಲು ತಂದು ಅವರ ತಲೆಯ ಮೇಲೆ ಹಾಕಿದರು. ಅವರು ಒರೆಸಿಕೊಳ್ಳಲಿಲ್ಲ.

ಮುಂದಿನ ಮಂಗಳವಾರ ನಾನು ಬಸ್ಸು ಹತ್ತಿದೆ. ಹತ್ತಬಾರದಿತ್ತು ಎಂದು ಈಗ ಅನ್ನಿಸುತ್ತದೆ, ಆಗ ಅನ್ನಿಸಲಿಲ್ಲ. ವಾಘೋಲಿಯಲ್ಲಿ ಎದ್ದುನಿಂತು, ಈ ವಾರ ರಜೆಯ ಪ್ರಶ್ನೆ ಬೇಡ ಎಂದೆ. ಬಸವರಾಜನ ಸಾವಿನಲ್ಲಿ ಅವನ ತಪ್ಪು ಎಷ್ಟು ಎಂದು ಬರೆಯಲು ಹೇಳಿದೆ. ಏನೂ ಇಲ್ಲ ಎಂದರೆ ಸೊನ್ನೆ, ಪೂರ್ತಿ ಅವನದೇ ಎಂದರೆ ಹತ್ತು. ಎದೆಯ ಭಾರಕ್ಕೆ ಕೇಳಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅದು ಅರ್ಧ ನಿಜ. ರಜೆಯ ದಿನದ ಬಗ್ಗೆ ಜನ ಬದಲಾಗುವುದು ಸುಲಭ, ಎದೆಗೆ ಹತ್ತಿದ ವಿಷಯದಲ್ಲಿ ಹೇಗೆ ಬದಲಾಗುತ್ತಾರೆ ಎಂದು ನೋಡುವ ಆಸೆ ಉಳಿದರ್ಧ. ಯಂತ್ರಗಳ ಬಗ್ಗೆ ಕೇಳಕೂಡದು ಎಂಬ ಷರತ್ತನ್ನು ಮುರಿಯುತ್ತಿದ್ದೇನೆ ಎಂದು ಗೊತ್ತಿತ್ತು. ಮುರಿದದ್ದು ಮಾಮಾನ ಮಾತು ಎಂಬುದು ಹೊಳೆಯಲಿಲ್ಲ.

ಆ ದಿನದ ಚೀಟಿಗಳು ತೇವದಿಂದ ಮೆತ್ತಗಾಗಿದ್ದವು. ಇಪ್ಪತ್ತೊಂಬತ್ತು ಚೀಟಿಗಳಲ್ಲಿ ಹೆಚ್ಚಿನವು ಸೊನ್ನೆ, ಒಂದು, ಎರಡು. ಯಾವತ್ತೂ ಖಾಲಿ ಬಿಡುತ್ತಿದ್ದ ಕೆಳಗಿನ ಗೆರೆಯಲ್ಲಿ ಅವತ್ತು ಬರವಣಿಗೆ ಇತ್ತು, ಮರಾಠಿಯಲ್ಲಿ, ಹಿಂದಿಯಲ್ಲಿ, ಎರಡು ಕನ್ನಡದಲ್ಲಿ. ಸೆನ್ಸರ್ ಬಂದ್ ಇತ್ತು. ಕೀ ಅವನ ಹತ್ತಿರ ಇರಲಿಲ್ಲ. ಮೇಲಿನವರಿಗೆ ಹೇಳಿದ್ದೆವು, ಕೇಳಲಿಲ್ಲ. ಕೊಡೆಯ ಗುರುತಿನ ಚೀಟಿಯಲ್ಲಿ ಒಂದು ಎಂಬ ಅಂಕೆ, ಕೆಳಗೆ ಮಾಮಾನ ಗುಂಡು ಅಕ್ಷರದಲ್ಲಿ, "ದೀಪ ಆರಿದ್ದು ನಾನು ನೋಡಿದೆ."

ಎರಡನೆಯ ವಾರ ಬಸ್ಸಿನಲ್ಲಿ ಹೊಸ ಮಾತು ಬಂದಿತ್ತು. ಬಸವರಾಜನ ಹತ್ತಿರವೂ ಒಂದು ಕೀ ಇತ್ತಂತೆ. ಯಾರು ಹೇಳಿದರು? ಆ ಪ್ರೆಸ್ಸುಗಳ ಉಸ್ತುವಾರಿ ನೋಡುವ ಇನ್‌ಚಾರ್ಜ್ ಯಾರಿಗೋ ಹೇಳಿದ್ದರಂತೆ. ಬಸವರಾಜನಿಗೆ ಕೆಲಸ ಬೇಗ ಮುಗಿಸುವ ಆತುರ ಇತ್ತಂತೆ. ಹಿಂದೆಯೂ ಒಮ್ಮೆ ಹೀಗೆ ಬಾಗಿದ್ದನಂತೆ. ಪ್ರತಿ ಮಾತಿನ ಬಾಲಕ್ಕೂ ಒಂದು ಅಂತೆ. ನಾನು ಪದ್ಧತಿಯಂತೆ ಎದ್ದು ಸರಾಸರಿ ಓದಿದೆ: ಎರಡು. ಮುಂದಿನ ಮಂಗಳವಾರ ಓದಿದ್ದು ಮೂರೂವರೆ. ಆಮೇಲೆ ಐದು, ಅದರ ಮುಂದಿನ ವಾರ ಆರೂವರೆ. ಐದನೆಯ ವಾರದ ಚೀಟಿಗಳನ್ನು ಲೆಕ್ಕಹಾಕಿದಾಗ ಏಳೂವರೆ. ಕೆಳಗಿನ ಗೆರೆ ಮತ್ತೆ ಖಾಲಿಯಾಗಿತ್ತು.

ಒಬ್ಬಳು ಮಾತ್ರ ಪ್ರತಿ ವಾರ ಸೊನ್ನೆ ಬರೆದಳು. ಮಂದಾಬಾಯಿ.

"ನನ್ನ ಟೇಬಲ್ ಆ ಪ್ರೆಸ್ಸಿನ ಸಮೋರನ, ಎದುರಿಗೇ ಅದ" ಎಂದು ಆಕೆ ಶಿಕ್ರಾಪುರದ ಚಹಾದಂಗಡಿಯಲ್ಲಿ ನನಗೆ ಹೇಳಿದ್ದಳು. "ಆ ಬುಧವಾರ ಸಂಜಿಕ ಇನ್‌ಚಾರ್ಜ್ ಕೀ ತಿರುವಿ ಖಿಸೆದಾಗ ಇಟ್ಕೊಂಡದ್ದು ನಾ ಕಣ್ಣಾರೆ ನೋಡೀನಿ. ನೋಡಿದ್ದು ವಾರಕ್ಕೊಂದು ಸಲ ಹೆಂಗ ಬದಲಾಗ್ತದ ಮ್ಯಾಡಮ್?"

ಹಾಗೆ ಹೇಳುವಾಗ ಆಕೆ ಒಬ್ಬಳೇ ನಿಂತಿದ್ದಳು. ಉಳಿದವರು ಅಂಗಡಿಯ ತಗಡಿನ ಚಪ್ಪರದ ಇನ್ನೊಂದು ತುದಿಯಲ್ಲಿ ಮಳೆಹನಿ ತಪ್ಪಿಸಿಕೊಂಡು ಒತ್ತಾಗಿ ನಿಂತು ಚಹಾ ಕುಡಿಯುತ್ತಿದ್ದರು. ಬಸ್ಸಿನಲ್ಲೂ ಅಷ್ಟೆ. ಬಸವರಾಜನ ಸೀಟು ಖಾಲಿ ಇತ್ತು. ಮೊದಲು ಸತ್ತವನ ಜಾಗ ಎಂದು ಯಾರೂ ಕೂಡಲಿಲ್ಲ. ಆಮೇಲಾಮೇಲೆ ಮಂದಾಬಾಯಿಯ ಪಕ್ಕ ಎಂದು ಕೂಡಲಿಲ್ಲ. ಹಿಂದೆ ಮುಂದೆ ಕೂಡುತ್ತಿದ್ದವರೂ ಬೇರೆ ಕಡೆ ಸರಿದರು. ನಿಲ್ಲುವುದಾದರೂ ನಿಂತಾರು, ಆ ಸಾಲಿಗೆ ಹೋಗುತ್ತಿರಲಿಲ್ಲ.

ಐದು ವಾರದ ಅಂಕೆಗಳನ್ನು ಕೂಡಿಸಿ ನಾನು ನಕ್ಷೆ ಎಳೆದೆ. ಪುಸ್ತಕದಲ್ಲಿ ಇರುವಂಥ ರೇಖೆ. ಚದುರಿದ್ದ ಬಿಂದುಗಳೆಲ್ಲ ವಾರದಿಂದ ವಾರಕ್ಕೆ ಹತ್ತಿರ ಬರುತ್ತ, ಒಂದು ದಾರದಲ್ಲಿ ಸೇರುವಂತೆ ಮೇಲೆ ಸೇರಿದ್ದವು. ಕೆಳಗೆ ಒಂದೇ ಬಿಂದು, ಒಂಟಿ. ನನಗೆ ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಆ ರೇಖೆ ನೋಡಿ ನನಗೆ ಸಂತೋಷವಾಯಿತು. ಹಾಗೆಯೇ ಅದನ್ನು ಎತ್ತಿಕೊಂಡು ಮಾರ್ಗದರ್ಶಕರ ಕೋಣೆಗೆ ಹೋದೆ.

ಅವರು ಮಿತಭಾಷಿ. ನಕ್ಷೆಯನ್ನು ಬಹಳ ಹೊತ್ತು ನೋಡಿ ಪ್ರಶ್ನೆ ಏನಿತ್ತು, ಬಸ್ಸಿನಲ್ಲಿ ಯಾರ ಮಾತು ಓಡಾಡುತ್ತಿದೆ ಎಂದು ಕೇಳಿದರು. ಹೇಳಿದೆ.

"ಮೊದಲ ವಾರ ಇವರು ಬರೆದದ್ದು ಸುಳ್ಳೇ?" ಎಂದರು.

"ಇಲ್ಲ ಸರ್. ಹಲವರು ಕಣ್ಣಿಂದ ನೋಡಿದ್ದು ಬರೆದಿದ್ದರು."

"ಈಗ ಬರೆದದ್ದು?"

ನಾನು ನಕ್ಷೆಯಲ್ಲಿ ಐದನೆಯ ವಾರದ ಬಿಂದುಗಳನ್ನು ನೋಡಿದೆ.

"ಪ್ರತಿ ವಾರ ಇವರಿಗೆ ಸರಾಸರಿ ಓದಿ ಹೇಳಿದವರು ಯಾರು?"

"ನಾನು, ಸರ್."

ಅವರು ನಕ್ಷೆಯನ್ನು ನನ್ನ ಕಡೆ ಸರಿಸಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಾನು ಏನಾದರೂ ಹೇಳಬೇಕೆಂದು, ನಮ್ಮ ಗಣಿತದ ಒಂದು ಗೊತ್ತಿರುವ ಮಾತನ್ನು ಎತ್ತಿದೆ. ಗುಂಪಿನಲ್ಲಿ ಒಬ್ಬರೇ ಒಬ್ಬರು ಎಂದೂ ಬದಲಾಗದವರಿದ್ದು, ಉಳಿದವರೆಲ್ಲ ಅಕ್ಕಪಕ್ಕದವರ ಮಾತು ಕೇಳುತ್ತಿದ್ದರೆ, ಎಷ್ಟು ನಿಧಾನವಾದರೂ ಸರಿ, ಕೊನೆಗೆ ಎಲ್ಲರೂ ಆ ಒಬ್ಬರ ಮಾತಿಗೇ ಬರುತ್ತಾರೆ. ಹಾಗಾದರೆ ಮಂದಾಬಾಯಿಯ ಕಡೆಗೆ ಯಾರೂ ಯಾಕೆ ಬರಲಿಲ್ಲ?

"ಆಕೆಯ ಪಕ್ಕದಲ್ಲಿ ಯಾರು ಕೂಡುತ್ತಾರೆ?" ಎಂದು ಕೇಳಿದರು.

"ಯಾರೂ ಇಲ್ಲ."

"ಮತ್ತೆ ಆಕೆಯಿಂದ ಉಳಿದವರಿಗೆ ದಾರಿ ಎಲ್ಲಿದೆ? ಇನ್‌ಚಾರ್ಜ್‌ನಿಂದ ಇದೆ. ನಿನ್ನಿಂದಲೂ ಇದೆ."

ಅವತ್ತು ಸಂಜೆ ಕೊಡೆಯ ಗುರುತಿನ ಐದು ಚೀಟಿಗಳನ್ನು ಸಾಲಾಗಿ ಇಟ್ಟು ನೋಡಿದೆ. ಒಂದು, ಮೂರು, ಐದು, ಎಂಟು, ಎಂಟು. ಮಾಮಾ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತಿದ್ದರು. ಹೋಗಿ ಕೇಳಿಯೇಬಿಟ್ಟೆ.

"ಮಾಮಾ, ದೀಪ ಆರಿದ್ದು ನೀವ ನೋಡಿದ್ರಿ."

"ನೋಡಿದ್ದೆ ಅಂತ ಅನಸ್ತದ." ಅವರು ಕಪ್ಪು ಕೆಳಗಿಟ್ಟರು. "ಆದ್ರ ನನ್ನ ಕಣ್ಣಿಗೂ ವಯಸ್ಸಾತು, ವೀಣಾ. ಎಲ್ಲಾರೂ ಒಂದ ಮಾತು ಹೇಳ್ತಾರ. ಅಷ್ಟು ಮಂದಿ ತಪ್ಪು, ನಾ ಒಬ್ಬ ಖರೆ, ಅಂತ ಹೆಂಗ ಅನ್ನೂದು? ಬ್ಯಾರೆ ಮಷೀನಿನ ದೀಪ ನೋಡಿದ್ನೋ ಏನೋ."

ಮಾಮಾ ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ನಿವೃತ್ತಿಗೆ ಎಂಟು ತಿಂಗಳಿತ್ತು, ಇನ್‌ಚಾರ್ಜ್ ಒಳ್ಳೆಯ ಮಾತಾಡಿದ್ದರು, ಅದೆಲ್ಲ ಇರಬಹುದು. ಆದರೆ ಅವರ ಮುಖದಲ್ಲಿ ಕಂಡದ್ದು ಭಯವಲ್ಲ, ಅನುಮಾನ. ತಾನು ಕಂಡದ್ದರ ಮೇಲೆಯೇ ಅನುಮಾನ. ಇಪ್ಪತ್ತೆರಡು ವರ್ಷ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿದ ಕಣ್ಣು ಅದು. ಅದನ್ನು ನಂಬಬೇಡ ಎಂದು ವಾರವಾರವೂ ಎದ್ದುನಿಂತು ಹೇಳಿದವರಲ್ಲಿ ನಾನೂ ಒಬ್ಬಳಾಗಿದ್ದೆ.

ಮರುದಿನ, ಗುರುವಾರ ಮಧ್ಯಾಹ್ನ, ಬಸವರಾಜನ ಹೆಂಡತಿ ನೀಲವ್ವ ನಮ್ಮ ಮನೆಗೆ ಬಂದಳು. ಜೊತೆಗೆ ಮಗಳು, ಒಂಬತ್ತು ವರ್ಷದ ದೀಪಾ, ಶಾಲೆಯ ಸಮವಸ್ತ್ರದಲ್ಲೇ ಇದ್ದಳು. ಮಾಮಾಗೆ ರಜೆ, ಅವರು ಒಳಕೋಣೆಯಲ್ಲಿದ್ದರು, ಹೊರಗೆ ಬರಲಿಲ್ಲ. ಮಾಮಿ ನೀರು ಕೊಟ್ಟರು. ನೀಲವ್ವ ಕುಡಿಯದೆ ಲೋಟವನ್ನು ಪಕ್ಕಕ್ಕಿಟ್ಟು, ಕಂಪನಿಯವರು ತಮ್ಮದೇ ವಿಚಾರಣೆ ಮಾಡಿ ಕೊಟ್ಟ ಕಾಗದವನ್ನು ನನ್ನ ಮುಂದೆ ಹಿಡಿದಳು. ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಮೃತನ ಸ್ವಂತ ನಿರ್ಲಕ್ಷ್ಯವೇ ಕಾರಣ.

"ಸಾಲ್ಯಾಗ ಇಕಿಗೆ ಯಾರೋ ಅಂದಾರ್ರಿ" ಎಂದಳು ನೀಲವ್ವ. "ನಿಮ್ಮಪ್ಪ ತನ್ನ ತಪ್ಪಿಲೆ ಸತ್ತ ಅಂತ. ಆ ಓಣ್ಯಾಗ ಕಂಪನಿ ಮಂದೀನ ಭಾಳ. ಮನ್ನೆ ರಾತ್ರಿ ಇಕಿ ನನಗ ಕೇಳ್ತಾಳ, ಅಪ್ಪಾ ಹಂಗ್ಯಾಕ ಮಾಡಿದ ಅಂತ. ನಾ ಏನ್ ಹೇಳ್ಲಿ?"

ದೀಪಾ ತಲೆ ಬಗ್ಗಿಸಿ ಕುಳಿತಿದ್ದಳು.

"ಬಸ್ಸಿನ್ಯಾಗ ಎಲ್ಲಾರೂ ಚೀಟಿ ಬರದಾರಂತ. ಮೊದಲನೇ ವಾರ ಖರೆ ಬರದಾರಂತ. ಮಂದಾಬಾಯಾರು ಹೇಳಿದ್ರು. ಸರಕಾರದ ಇನ್ಸ್‌ಪೆಕ್ಟರ್ ಬರಾವ್ರದಾರ್ರಿ, ಮುಂದಿನ ಶುಕ್ರವಾರ. ಆ ಚೀಟಿ ಕೊಡ್ರಿ ನನಗ."

"ಯಾರ ಮಾತೂ ಯಾರಿಗೂ ತೋರ್ಸೂದಿಲ್ಲ ಅಂತ ಅವರಿಗೆ ಮಾತು ಕೊಟ್ಟೀನಿ, ನೀಲವ್ವಾ."

ಆಕೆ ಸಿಟ್ಟಾಗಲಿಲ್ಲ. ಕಾಗದವನ್ನು ಮಡಿಸುತ್ತ, "ಹಂಗಂದ್ರ ಅವರ ಮಾತು ನಿಮ್ಮ ಹತ್ರ ಐತಿ. ಆದ್ರ ನನ್ನ ಪಾಲಿಗಿಲ್ಲ" ಎಂದಳು. ಮಗಳ ಕೈ ಹಿಡಿದು ಎದ್ದಳು.

ಐದು ದಿನ ನನಗೆ ಬೇರೆ ಯೋಚನೆ ಇರಲಿಲ್ಲ. ಚೀಟಿ ಕೊಟ್ಟರೆ ನಂಬಿ ಬರೆದವರಿಗೆ ದ್ರೋಹ, ಅವರ ಕೆಲಸಕ್ಕೇ ಕುತ್ತು. ಕೊಡದಿದ್ದರೆ ಬಸವರಾಜನನ್ನು ಎರಡನೆಯ ಸಲ ಸಾಯಲು ಬಿಟ್ಟಂತೆ. ಮಾರ್ಗದರ್ಶಕರು, ಕೊಟ್ಟ ಮಾತು ಮುರಿಯುವಂತಿಲ್ಲ ಎಂದರು. ಆಮೇಲೆ, ಯಾರಿಗೆ ಕೊಟ್ಟಿದ್ದೀಯೋ ಅವರ ಹತ್ತಿರವೇ ಹೋಗು ಎಂದರು. ಇನ್ನೊಬ್ಬರಿಗೆ ತೋರಿಸುವುದಿಲ್ಲ ಎಂದು ನಾನು ಹೇಳಿದ್ದೆ. ಅವರವರಿಗೆ ಅವರವರದನ್ನು ತೋರಿಸುವುದಿಲ್ಲ ಎಂದು ಹೇಳಿರಲಿಲ್ಲ.

ಮಂಗಳವಾರ ಬಸ್ಸು ಹತ್ತಿದಾಗ ನನ್ನ ಚೀಲದಲ್ಲಿ ಇಪ್ಪತ್ತೊಂಬತ್ತು ಲಕೋಟೆಗಳಿದ್ದವು. ಒಂದೊಂದರಲ್ಲಿ ಒಬ್ಬೊಬ್ಬರ ಮೊದಲ ವಾರದ ಚೀಟಿ. ವಾಘೋಲಿಯಲ್ಲಿ ಬಸ್ಸು ನಿಂತಿತು. ಎದ್ದುನಿಂತೆ. ಮಾತು ಮರಾಠಿಯಲ್ಲಿ ಮನಸ್ಸಿನಲ್ಲೇ ಕಟ್ಟಿಕೊಂಡು ಬಂದಿದ್ದೆ, ಆದರೂ ತಡವರಿಸಿದೆ. ಇವತ್ತು ಸರಾಸರಿ ಇಲ್ಲ, ಇನ್ನು ಮುಂದೆಯೂ ಇಲ್ಲ ಎಂದೆ. ನಾನು ಓದಿದ ಅಂಕೆ ಸತ್ಯದ ಅಂಕೆ ಅಲ್ಲ, ಎಲ್ಲರೂ ಏನನ್ನುತ್ತಾರೆ ಎಂಬುದರ ಅಂಕೆ. ಅದನ್ನು ಓದಿದ್ದು ನನ್ನ ತಪ್ಪು, ಕ್ಷಮಿಸಿ ಎಂದೆ. ಇದು ನೀವು ಅವನು ಸತ್ತ ನಾಲ್ಕನೆಯ ದಿನ ಬರೆದದ್ದು. ನನ್ನ ಹತ್ತಿರ ಇದರ ನಕಲಿಲ್ಲ. ಏನು ಮಾಡುವಿರೋ ನಿಮಗೆ ಬಿಟ್ಟದ್ದು ಎಂದೆ.

ಸಾಲುಸಾಲಾಗಿ ಹೋಗಿ ಲಕೋಟೆ ಹಂಚಿದೆ. ಒಬ್ಬ ಓದಿ ನಾಲ್ಕು ಚೂರು ಮಾಡಿ ಕಿಟಕಿಯ ಹೊರಗೆ ಮಳೆಗೆ ಎಸೆದ. ಒಬ್ಬ ಬಿಚ್ಚದೆಯೇ ಡಬ್ಬಿಯ ಚೀಲಕ್ಕೆ ತುರುಕಿದ. ಹಿಂದಿನ ಸಾಲಿನವನೊಬ್ಬ ತನ್ನದೇ ಅಕ್ಷರವನ್ನು ತಿರುಗಿಸಿ ತಿರುಗಿಸಿ ನೋಡಿದ. ಮಾಮಾ ಕೈ ಚಾಚಲಿಲ್ಲ.

"ಇದು ನಂದಲ್ಲ" ಎಂದರು, ಕಿಟಕಿ ನೋಡುತ್ತ.

ಅವರ ಲಕೋಟೆ ಚೀಲದಲ್ಲೇ ಉಳಿಯಿತು. ಕಾರ್ಖಾನೆಯ ಗೇಟಿನಲ್ಲಿ ಆಫೀಸಿನವರು ನನ್ನನ್ನು ಕಾಯುತ್ತಿದ್ದರು. ಸುದ್ದಿ ಬಸ್ಸಿಗಿಂತ ಮೊದಲು ಮುಟ್ಟಿತ್ತು. ಇನ್ನು ಈ ಬಸ್ಸು ಹತ್ತಬೇಡಿ ಎಂದು ಹೇಳಿದರು. ನಾನು ಹೆದ್ದಾರಿಯವರೆಗೆ ನಡೆದು, ಸಿಕ್ಕ ಎಸ್.ಟಿ. ಬಸ್ಸು ಹಿಡಿದು ವಾಪಸು ಬಂದೆ.

ಸಂಜೆ ಮಾಮಾ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕುಳಿತಾಗಲೂ ಇಲ್ಲ. ಮಾಮಿ ಇಬ್ಬರ ಮುಖವನ್ನೂ ನೋಡಿ ಬಡಿಸಿದರು. ಮರುದಿನ ನಸುಕಿನಲ್ಲಿ ಬಾಗಿಲ ಹತ್ತಿರ ಬೂಟಿನ ಸದ್ದಾಯಿತು. ನಾನು ಎದ್ದು ಬಂದೆ. ಮಾಮಾ ಕೊಡೆ ಹಿಡಿದು ನಿಂತಿದ್ದರು.

"ಅದ ಎಲ್ಲಿ ಅದ?"

ಲಕೋಟೆ ತಂದುಕೊಟ್ಟೆ. ಅಲ್ಲೇ ನಿಂತು ಬಿಚ್ಚಿ, ಕನ್ನಡಕ ಏರಿಸಿ ಓದಿದರು. ಒಂದೇ ಗೆರೆ, ಆದರೂ ಬಹಳ ಹೊತ್ತು ಓದಿದರು. ಮಡಿಸಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, "ಅವತ್ತ ನನಗ ನೆಪ್ಪಿತ್ತಲ್ಲ" ಎಂದು ತಮಗೇ ಹೇಳಿಕೊಂಡಂತೆ ಹೇಳಿ ಹೊರಟರು.

ಆ ದಿನ ಬಸ್ಸಿನಲ್ಲಿ ಏನಾಯಿತು ಎಂದು ಮಂದಾಬಾಯಿ ಆಮೇಲೆ ನನಗೆ ಹೇಳಿದಳು. ಮಾಮಾ ಹತ್ತಿದವರು ತಮ್ಮ ಸೀಟಿಗೆ ಹೋಗದೆ ಮೂರನೆಯ ಸಾಲಿನ ಹತ್ತಿರ ಬಂದು, ಮರಾಠಿಯಲ್ಲಿ, "ಮಂದಾಬಾಯಿ, ಸ್ವಲ್ಪ ಕಾಲು ಸರಿಸಿರಿ" ಎಂದರಂತೆ. ಒಳಗೆ ಕಿಟಕಿಯ ಪಕ್ಕ ಬಸವರಾಜನ ಜಾಗದಲ್ಲಿ ಕುಳಿತರಂತೆ. ಶಿಕ್ರಾಪುರದಲ್ಲಿ ಇಳಿದು ಎರಡು ಚಹಾ ತಂದು ಒಂದನ್ನು ಆಕೆಗೆ ಕೊಟ್ಟರು.

"ಒಂದೂವರಿ ತಿಂಗಳಾಗಿತ್ತು ನನ್ನ ಬಾಜೂಕ ಯಾರರ ಕೂತು" ಎಂದಳು ಮಂದಾಬಾಯಿ. "ಬರೂಮುಂದ ನೋಡ್ತೀನಿ, ಹಿಂದಿನ ಸೀಟಿನಾಗ ಇಬ್ಬರು ಬಂದು ಕೂತಾರ."

ಶುಕ್ರವಾರ ಸರಕಾರದ ಇನ್ಸ್‌ಪೆಕ್ಟರ ಮುಂದೆ ಆರು ಜನ ಹೇಳಿಕೆ ಕೊಟ್ಟರು. ಮಂದಾಬಾಯಿ, ಮಾಮಾ, ಇನ್ನು ನಾಲ್ವರು. ಆ ನಾಲ್ವರಲ್ಲಿ ಇಬ್ಬರು ಐದನೆಯ ವಾರ ನನಗೆ ಒಂಬತ್ತು ಎಂದು ಬರೆದುಕೊಟ್ಟವರು. ಉಳಿದ ಇಪ್ಪತ್ತಮೂರು ಜನ ಹೋಗಲಿಲ್ಲ. ದೀಪ ಆರಿದ್ದನ್ನು ನೋಡಿಯೂ ತಾನು ಯಾರಿಗೂ ಹೇಳದೆ ಮುಂದೆ ಹೋದದ್ದನ್ನು ಮಾಮಾ ತಾವಾಗಿಯೇ ಬರೆಸಿದರು. ಅದನ್ನು ಅವರು ಮನೆಯಲ್ಲಿ ಹೇಳಲಿಲ್ಲ, ಮಂದಾಬಾಯಿಯಿಂದಲೇ ಗೊತ್ತಾಯಿತು.

ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಮಾಮಾನನ್ನು ತಪಾಸಣೆಯಿಂದ ತೆಗೆದು ಸ್ಟೋರಿಗೆ ಹಾಕಿದರು. ಕೊನೆಯ ತಿಂಗಳುಗಳನ್ನು ಅವರು ನಟ್ಟು ಬೋಲ್ಟುಗಳ ಪೆಟ್ಟಿಗೆಗಳ ನಡುವೆ ಕಳೆದರು. ಮಾಮಿ ಒಂದೆರಡು ಸಲ ನನ್ನ ಕಡೆ ನೋಡಿದ ನೋಟ ನನಗೆ ಇನ್ನೂ ನೆನಪಿದೆ, ಅದರಲ್ಲಿ ತಪ್ಪೇನೂ ಇರಲಿಲ್ಲ. ಮಾಮಾ ಮಾತ್ರ ಏನೂ ಅನ್ನಲಿಲ್ಲ. ಒಮ್ಮೆ ನಾನೇ, "ನನ್ನಿಂದ ಹಿಂಗಾತು ಮಾಮಾ" ಎಂದಾಗ, "ನೀ ಬರೂಕಿಂತ ಮೊದಲ ಆ ದೀಪ ಆರಿತ್ತು" ಎಂದು ಪೇಪರು ಎತ್ತಿಕೊಂಡರು. ನನ್ನ ಪ್ರಬಂಧದಲ್ಲಿ ರಜೆಯ ಪ್ರಶ್ನೆಯ ಅಂಕೆಗಳು ಮಾತ್ರ ಇವೆ. ಉಳಿದ ಐದು ವಾರಗಳನ್ನು ನಾನು ಎಲ್ಲಿಯೂ ಬರೆದಿರಲಿಲ್ಲ.

ಇನ್ಸ್‌ಪೆಕ್ಟರ ವರದಿ ನೀಲವ್ವನ ಕೈಗೆ ಬಂದದ್ದು ಮಳೆ ನಿಂತು ಬಿಸಿಲು ಕಾಯತೊಡಗಿದ ಮೇಲೆ. ಓದಿ ಹೇಳಲು ನನ್ನನ್ನು ಕರೆಸಿದಳು. 'ನೀವ ಬರಬೇಕಂತ' ಎಂದು ಮಂದಾಬಾಯಿ ಬಂದು ಹೇಳಿದಳು. ಒಂದೇ ಕೋಣೆಯ ಮನೆ. ನೆಲದ ಮೇಲೆ ಚಾಪೆ ಹಾಸಿದ್ದಳು. ವರದಿ ಮರಾಠಿಯಲ್ಲಿತ್ತು, ನಾಲ್ಕು ಪುಟ. ಬೇಕಾದ ಗೆರೆ ಮೂರನೆಯ ಪುಟದಲ್ಲಿತ್ತು. ಅದನ್ನು ಕನ್ನಡದಲ್ಲಿ ಹೇಳಿದೆ: ಮೃತನು ಆ ದಿನ ಕೆಲಸಕ್ಕೆ ಬರುವುದಕ್ಕಿಂತ ಮೊದಲೇ ಸುರಕ್ಷತೆಯ ಸೆನ್ಸರ್ ಬಂದ್ ಮಾಡಲಾಗಿತ್ತು, ಅದರ ಕೀ ಅವನ ಬಳಿ ಇರಲಿಲ್ಲ, ಅವನ ನಿರ್ಲಕ್ಷ್ಯ ಕಂಡುಬಂದಿಲ್ಲ.

"ಎಷ್ಟ ಮಂದಿ ಹೇಳ್ಯಾರ್ರಿ?" ಎಂದು ನೀಲವ್ವ ಕೇಳಿದಳು.

"ಆರು ಮಂದಿ."

"ಉಳದಾವ್ರು?"

"ಹೇಳಲಿಲ್ಲ."

ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತಳು. "ಇರ್ಲಿ" ಎಂದಳು ಕೊನೆಗೆ. "ಇನ್ನೊಮ್ಮೆ ಓದ್ರಿ."

ದೀಪಾ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದಳು. ಈಗ ಬಂದು ನನ್ನ ಎದುರಿಗೆ ಕುಳಿತು, ಶಾಲೆಯ ನೋಟ್‌ಬುಕ್ಕಿನ ಹಿಂದಿನ ಪುಟ ತೆರೆದಳು. ಪೆನ್ಸಿಲಿನ ಮೊನೆ ನೋಡಿದಳು.

"ಸಾವಕಾಶ ಹೇಳ್ರಿ. ನಾ ಬರ್ಕೋತೀನಿ" ಎಂದಳು.

ಒಂದೊಂದೇ ಶಬ್ದ ಹೇಳಿದೆ. ಕನ್ನಡ ಬರೆಯಲು ಬರದ ಹುಡುಗಿ, ಕನ್ನಡದ ಮಾತನ್ನು ತನ್ನ ಶಾಲೆಯ ಮರಾಠಿ ಅಕ್ಷರದಲ್ಲಿ ಬರೆಯುತ್ತಿದ್ದಳು. ಮೊದಲ ಶಬ್ದದಲ್ಲೇ ನಿಂತು ತಲೆ ಎತ್ತಿದಳು.

"ಮೃತ ಅಂದ್ರ?"

ನೀಲವ್ವ ಹೇಳಿದಳು, "ಅಪ್ಪಾ ಅಂತ ಬರಿ."

ಹುಡುಗಿ ಅದನ್ನು ಅಳಿಸಿ ಬರೆದಳು.